ಮನೆಯೊಳಗಿನ ಹಿಂಸೆ, ಮನೆಯ ಮಗು ಮತ್ತು ನಮ್ಮ ಕರ್ತವ್ಯ

ಪ್ರತಿ ವರ್ಷ ವೈಶಾಖ ಶುದ್ಧ ಚತುರ್ದಶಿಯಂದು ನಾವೆಲ್ಲರೂ ಪ್ರಹ್ಲಾದ ಚರಿತ್ರೆಯನ್ನು ಭಕ್ತಿಯಿಂದ ಶ್ರವಣ ಮಾಡುತ್ತೇವೆ. ಆನೆಯ ಕಾಲು, ಬೆಟ್ಟದ ತುದಿ, ವಿಷ ಬೆರೆತ ಅನ್ನ, ಕಡೆಗೆ ಸಭೆಯ ಕಂಬ, ಇವೆಲ್ಲ ನಮ್ಮ ಮಕ್ಕಳಿಗೂ ಕಂಠಪಾಠವಾಗಿರುವ ಸಂಗತಿಗಳು. ಆದರೆ ಇವೆಲ್ಲಕ್ಕೂ ಪೂರ್ವದಲ್ಲಿ ನಡೆದ ಒಂದು ಪ್ರಸಂಗವನ್ನು ಶ್ರೀಮದ್ಭಾಗವತದ ಸಪ್ತಮ ಸ್ಕಂಧದಲ್ಲಿ ಪ್ರಹ್ಲಾದನೇ ತನ್ನ ಸಹಪಾಠಿಗಳಿಗೆ ಹೇಳುತ್ತಾನೆ. ಪ್ರವಚನದಲ್ಲಿ ಅದು ಬೇಗನೆ ದಾಟಿಹೋಗುತ್ತದೆ. ಹಿರಣ್ಯಕಶಿಪುವು ತಪಸ್ಸಿಗೆ ಹೋಗಿದ್ದ ಕಾಲದಲ್ಲಿ ಇಂದ್ರನು ಗರ್ಭವತಿಯಾದ ಕಯಾಧುವನ್ನು ಬಲಾತ್ಕಾರವಾಗಿ ಎಳೆದೊಯ್ಯುತ್ತಿರುತ್ತಾನೆ. ಆಕೆ ಅಳುತ್ತಿರುತ್ತಾಳೆ. ದಾರಿಯಲ್ಲಿ ನಾರದರು ಎದುರಾಗುತ್ತಾರೆ. ಅವರು ಮೊದಲು ಇಂದ್ರನ ಕೈಯನ್ನು ತಡೆದರು. ಅನಂತರ ಆಕೆಯನ್ನು ತಮ್ಮ ಆಶ್ರಮಕ್ಕೆ ಕರೆತಂದು, ಗಂಡನು ಹಿಂದಿರುಗುವವರೆಗೆ ಇಲ್ಲಿ ನಿರ್ಭಯಳಾಗಿರು ಎಂದರು. ಇವೆರಡೂ ಆದ ಮೇಲೆ ಧರ್ಮೋಪದೇಶ ಮಾಡಿದರು. ಕಾಲಾಂತರದಲ್ಲಿ ತಾಯಿ ಆ ಉಪದೇಶವನ್ನು ಮರೆತಳು. ಗರ್ಭದಲ್ಲಿದ್ದ ಶಿಶು ಮರೆಯಲಿಲ್ಲ.

ಈ ಪ್ರಸಂಗದ ಕ್ರಮವನ್ನು ವಾಚಕರು ಗಮನಿಸಬೇಕು. ಮೊದಲು ಅಭಯ, ಆಮೇಲೆ ಆಶ್ರಯ, ಕೊನೆಗೆ ಉಪದೇಶ. ನಮ್ಮ ನೆರೆಯಲ್ಲಿ ಒಬ್ಬ ಹೆಣ್ಣುಮಗಳು ಪೆಟ್ಟು ತಿಂದು, ಆಕೆಯ ಮಗು ಬಾಗಿಲ ಸಂದಿಯಲ್ಲಿ ನಿಂತು ಅದನ್ನು ನೋಡುತ್ತಿರುವಾಗ ನಾವು ಅನುಸರಿಸುವ ಕ್ರಮ ಇದಕ್ಕೆ ತೀರ ವಿರುದ್ಧವಾದುದು. ನಾವು ಉಪದೇಶದಿಂದ ಆರಂಭಿಸುತ್ತೇವೆ. "ಸ್ವಲ್ಪ ಹೊಂದಿಕೊಂಡು ಹೋಗಮ್ಮಾ" ಎನ್ನುತ್ತೇವೆ. ಬಹುಮಟ್ಟಿಗೆ ಅಲ್ಲಿಗೇ ಮುಗಿಸುತ್ತೇವೆ. ಅಭಯ ಆಶ್ರಯಗಳ ಮಾತು ಬರುವುದೇ ಇಲ್ಲ.

ಇದನ್ನು ನಾವು ಇತರರ ಮೇಲೆ ದೋಷಾರೋಪಣೆಗಾಗಿ ಬರೆಯುತ್ತಿಲ್ಲ. ಈ ದೋಷ ಮೊದಲು ನಮ್ಮದು. 1989ರಲ್ಲಿ ನಾವು ಮಹಾರಾಷ್ಟ್ರದ ಒಂದು ದೊಡ್ಡ ಜಂಕ್ಷನ್ನಿನಲ್ಲಿ ರೈಲ್ವೆ ಸೇವೆಯಲ್ಲಿದ್ದೆವು. ಕಾಲೊನಿಯ ಕ್ವಾರ್ಟರ್ಸಿನಲ್ಲಿ ಪಕ್ಕದ ಮನೆಯವರೂ ನಮ್ಮ ಕಡೆಯವರೇ. ಗೃಹಸ್ಥರು ನಿತ್ಯ ಸಂಧ್ಯಾವಂದನೆ ಮಾಡುವವರು, ಏಕಾದಶಿಯನ್ನು ತಪ್ಪದವರು, ಕಚೇರಿಯಲ್ಲಿ ಮೃದುಭಾಷಿಗಳು. ರಾತ್ರಿ ಗೋಡೆಯ ಆಚೆಯಿಂದ ಪಾತ್ರೆ ಬಿದ್ದ ಸದ್ದು, ಹೆಂಗಸಿನ ಅಳು ಕೇಳಿಬರುತ್ತಿದ್ದವು. ಅವರ ಒಂಬತ್ತು ವರ್ಷದ ಮಗ ಪ್ರತಿ ಸಂಜೆ ನಮ್ಮಲ್ಲಿಗೆ ಅಮರಕೋಶದ ಪಾಠಕ್ಕೆ ಬರುತ್ತಿದ್ದ. ಪಾಠ ಮುಗಿದರೂ ಏಳುತ್ತಿರಲಿಲ್ಲ. "ಇನ್ನೊಂದು ಶ್ಲೋಕ ಹೇಳ್ರಿ ಕಾಕಾ" ಎನ್ನುತ್ತಿದ್ದ. ಹುಡುಗನ ವಿದ್ಯಾಶ್ರದ್ಧೆಯನ್ನು ಕಂಡು ನಾವು ಹಿಗ್ಗಿದೆವು. ಊಟದ ಹೊತ್ತಾದಾಗ, "ಅವ್ವ ದಾರಿ ಕಾಯತಾಳ, ಮನಿಗೆ ಹೋಗಪ್ಪಾ" ಎಂದು ನಾವೇ ಎಬ್ಬಿಸಿ ಕಳುಹಿಸುತ್ತಿದ್ದೆವು. ಎರಡು ವರ್ಷಗಳಲ್ಲಿ ಅವರಿಗೆ ವರ್ಗವಾಯಿತು. ನಮ್ಮ ಬಾಯಿಂದ ಆ ಗೃಹಸ್ಥರಿಗೆ ಒಂದು ಮಾತೂ ಹೊರಡಲಿಲ್ಲ.

ಮುಂದೆ 2022ರಲ್ಲಿ, ನಿವೃತ್ತಿಯ ತರುವಾಯ, ಪುಣೆಯ ಒಂದು ಮದುವೆಯಲ್ಲಿ ಆ ಹುಡುಗ ಸಿಕ್ಕಿದ. ಈಗ ಆತ ನಲವತ್ತು ದಾಟಿದ ಗೃಹಸ್ಥ. ನಮಸ್ಕರಿಸಿ ಹೇಳಿದ: "ಕಾಕಾ, ನಿಮ್ಮ ಮನ್ಯಾಗ ಆ ಒಂದು ತಾಸು ಯಾರೂ ಒದರತಿದ್ದಿಲ್ಲ. ಅದಕ್ಕs ಬರತಿದ್ದೆ." ನಾವು ಸುಮ್ಮನಿದ್ದೆವು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿದ: "ನಿಮಗ ಎಲ್ಲಾ ಗೊತ್ತಿತ್ತಲ್ಲಾ?" ಎಲೆ ಹಾಕಿದ್ದಾರೆ, ಊಟಕ್ಕೆ ಏಳೋಣ ಎಂದು ನಾವು ಮಾತನ್ನು ತಪ್ಪಿಸಿದೆವು. ಆ ಪ್ರಶ್ನೆಯೇ ಈ ಲೇಖನಕ್ಕೆ ಮೂಲ.

ಹಿಂಸೆಯ ಮನೆಯಲ್ಲಿ ಬೆಳೆಯುವ ಮಗುವಿಗೆ ಹೊರಗಿನವರಾದ ನಾವು ಸಹಾಯ ಮಾಡಬೇಕೇ, ಮಾಡಿದರೆ ಹೇಗೆ ಎಂಬುದು ವಿಚಾರ್ಯ ವಿಷಯ. ಶಾಸ್ತ್ರದ ಪದ್ಧತಿಯಂತೆ ಪೂರ್ವಪಕ್ಷಗಳನ್ನು ಮೊದಲು ಪರಿಶೀಲಿಸೋಣ.

ಮೊದಲನೆಯ ಪೂರ್ವಪಕ್ಷ ಹೀಗಿದೆ: ಏಟು ಬಿದ್ದದ್ದು ತಾಯಿಗೆ, ಮಗುವಿಗಲ್ಲ, ಎಳೆಯ ವಯಸ್ಸಿಗೆ ಏನು ತಿಳಿದೀತು? ಈ ಮಾತು ನಿಲ್ಲುವುದಿಲ್ಲ. ಹಾಲುಗೂಸು ಕೂಡ ಮನೆಯ ಭಯವನ್ನು ಗ್ರಹಿಸುತ್ತದೆ. ಅದರ ನಿದ್ರೆ ಕೆಡುತ್ತದೆ, ಹಾಲು ಕುಡಿಯುವ ಕ್ರಮ ಕೆಡುತ್ತದೆ. ಹಾಸಿಗೆ ಒದ್ದೆ ಮಾಡುವುದನ್ನು ಬಿಟ್ಟಿದ್ದ ಮಗು ಮತ್ತೆ ಆರಂಭಿಸುತ್ತದೆ. ಶಾಲೆಗೆ ಹೋಗುವ ಮಗು ಕಾರಣವಿಲ್ಲದೆ ಹೊಟ್ಟೆನೋವು, ತಲೆನೋವು ಎನ್ನುತ್ತದೆ; ಪುಸ್ತಕ ಹಿಡಿದರೂ ಕಿವಿ ಮಾತ್ರ ಬಾಗಿಲಿನ ಕಡೆಗೇ ಇರುತ್ತದೆ. ಇವೆಲ್ಲಕ್ಕಿಂತ ದಾರುಣವಾದುದೆಂದರೆ, ತನ್ನಿಂದಲೇ ಇದೆಲ್ಲ ಆಯಿತೆಂದು ಮಗು ನಂಬುತ್ತದೆ. "ನಾನು ಅಂಕ ಕಡಿಮೆ ತೆಗೆದದ್ದಕ್ಕೆ ಅಪ್ಪ ಅಮ್ಮನನ್ನು ಹೊಡೆದರು" ಎಂಬ ಲೆಕ್ಕ ಅದರದು. ಹದಿಹರೆಯಕ್ಕೆ ಬಂದ ಮೇಲೆ ಕೆಲವರು ತಾಯಿಯ ಕಾವಲುಗಾರರಾಗುತ್ತಾರೆ. ಕೆಲವರು ತಂದೆಯಂತೆಯೇ ಕೈಯೆತ್ತಲು ಕಲಿಯುತ್ತಾರೆ. ಕೆಲವರು ಮನೆ ಬಿಟ್ಟು ಗಾಡಿ ಹತ್ತುತ್ತಾರೆ. ಪ್ಲಾಟ್‌ಫಾರ್ಮಿನ ಬೆಂಚಿನ ಕೆಳಗೆ ಮುದುಡಿ ಮಲಗಿದ ಇಂತಹ ಮಕ್ಕಳನ್ನು ನಾವು ಸೇವೆಯಲ್ಲಿದ್ದಾಗ ಅನೇಕ ಬಾರಿ ಕಂಡಿದ್ದೇವೆ. ಸಿನೆಮಾದ ಆಸೆಗೆ ಮುಂಬಯಿಗೆ ಬಂದವರೆಂದು ಜನ ಹೇಳುತ್ತಿದ್ದರು. ಮೆಲ್ಲಗೆ ವಿಚಾರಿಸಿದರೆ ಎಷ್ಟೋ ಮಕ್ಕಳು ಹೇಳುತ್ತಿದ್ದುದು ಮನೆಯ ಹೊಡೆತದ ಮಾತನ್ನೇ.

1998ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊ ನಗರದಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕಿದ ವಯಸ್ಕರನ್ನು ಕುರಿತ ಅಧ್ಯಯನವೊಂದನ್ನು ಫೆಲಿಟಿ, ಆಂಡಾ ಮೊದಲಾದ ವೈದ್ಯರು ಪ್ರಕಟಿಸಿದರು. ಬಾಲ್ಯದ ಏಳು ಬಗೆಯ ಕಷ್ಟಗಳನ್ನು ಅವರು ಗಣನೆಗೆ ತೆಗೆದುಕೊಂಡರು. ತಾಯಿಯ ಮೇಲೆ ನಡೆದ ಹಿಂಸೆ ಅವುಗಳಲ್ಲೊಂದು. ಇಂತಹ ಕಷ್ಟಗಳ ಸಂಖ್ಯೆ ಹೆಚ್ಚಿದಷ್ಟೂ ಮುಂದೆ ಮದ್ಯವ್ಯಸನ, ಖಿನ್ನತೆ, ಹೃದಯರೋಗಗಳು ಹೆಚ್ಚಾಗಿದ್ದುದು ಕಂಡುಬಂದಿತು. ಇದು ಪರದೇಶದ ಮಾತೆಂದು ತಳ್ಳುವ ಹಾಗಿಲ್ಲ. ನಮ್ಮ ಸರಕಾರದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019-21) ಹೇಳುವಂತೆ, 18ರಿಂದ 49 ವರ್ಷದ ವಿವಾಹಿತ ಸ್ತ್ರೀಯರಲ್ಲಿ ಗಂಡನಿಂದ ಹಿಂಸೆಗೊಳಗಾದವರು ದೇಶದಲ್ಲಿ ಶೇಕಡಾ 29.3, ಕರ್ನಾಟಕದಲ್ಲಿ ಶೇಕಡಾ 44.4. ತನ್ನ ತಾಯಿ ಏಟು ತಿಂದುದನ್ನು ಕಂಡು ಬೆಳೆದ ಹೆಣ್ಣುಮಕ್ಕಳು ತಾವೂ ಗಂಡನಿಂದ ಏಟು ತಿನ್ನುವುದು ಇತರರಿಗಿಂತ ಹೆಚ್ಚೆಂಬುದೂ ಈ ಸಮೀಕ್ಷೆಗಳಿಂದ ತಿಳಿದಿದೆ. ಗರ್ಭದಲ್ಲಿದ್ದಾಗ ಕೇಳಿದುದನ್ನು ಪ್ರಹ್ಲಾದನು ಮರೆಯಲಿಲ್ಲವೆಂದು ನಂಬುವ ನಾವು, ಪಕ್ಕದ ಕೋಣೆಯಲ್ಲಿ ಕೇಳಿದುದನ್ನು ಮಗು ಮರೆತುಬಿಡುತ್ತದೆಂದು ಹೇಗೆ ಹೇಳೋಣ?

ಎರಡನೆಯ ಪೂರ್ವಪಕ್ಷ: ಅದು ಅವರ ಮನೆಯ ವಿಷಯ, ಹೊರಗಿನವರು ಕೈಹಾಕಬಾರದು. ನಮ್ಮ ಮೌನಕ್ಕೂ ಇದೇ ಆಧಾರವಾಗಿತ್ತು. ಆದರೆ ದ್ಯೂತಸಭೆಯಲ್ಲಿ ಭೀಷ್ಮಾದಿಗಳು ಸುಮ್ಮನಿದ್ದಾಗ ವಿದುರನು ಹೇಳಿದ ಇತಿಹಾಸವನ್ನು ನೆನೆಯಿರಿ. ತನ್ನ ಮಗ ವಿರೋಚನನಿಗೂ ಸುಧನ್ವನಿಗೂ ಉಂಟಾದ ವಿವಾದದಲ್ಲಿ ತೀರ್ಪು ಹೇಳುವ ಭಾರ ಪ್ರಹ್ಲಾದನ ಮೇಲೆ ಬಂದಿತು. ತಿಳಿದೂ ಹೇಳದವನ ಗತಿಯೇನೆಂದು ಆತ ಕಶ್ಯಪರನ್ನು ಕೇಳಿದ. ನಿಂದ್ಯವಾದುದನ್ನು ಯಾರೂ ನಿಂದಿಸದೆ ಇರುವ ಸಭೆಯಲ್ಲಿ ಪಾಪದ ಅರ್ಧ ಭಾಗ ಮುಖ್ಯನಿಗೆ, ಕಾಲು ಭಾಗ ಮಾಡಿದವನಿಗೆ, ಉಳಿದ ಕಾಲು ಭಾಗ ಸುಮ್ಮನೆ ಕುಳಿತವರಿಗೆ ಎಂಬುದು ಕಶ್ಯಪರ ಉತ್ತರ. ಪ್ರಹ್ಲಾದನು ಮಗನೆಂದು ನೋಡದೆ ಸತ್ಯವನ್ನೇ ನುಡಿದ. ಬಾಲ್ಯದಲ್ಲಿ ತಂದೆಯ ಕೈಯಿಂದ ಅಷ್ಟೆಲ್ಲ ಅನುಭವಿಸಿದವನು, ಸುತ್ತ ಕುಳಿತವರ ಮೌನವನ್ನು ಕಂಡವನು, ತನ್ನ ಸರದಿ ಬಂದಾಗ ಮೌನಿಯಾಗಲಿಲ್ಲ ಎಂಬುದು ಮನನೀಯ.

ರೈಲ್ವೆಯಲ್ಲಿ ನಮಗೆ ಮೊದಲು ಕಲಿಸುವ ಪಾಠವೂ ಇದೇ. ಹಳಿಯಲ್ಲಿ ಬಿರುಕು ಕಂಡ ನೌಕರನು ಯಾವ ವಿಭಾಗದವನೇ ಆಗಲಿ, ಬರುವ ಗಾಡಿಯನ್ನು ನಿಲ್ಲಿಸಲು ತನ್ನಿಂದಾದುದನ್ನು ಮಾಡಲೇಬೇಕು. ಇದು ಇಂಜಿನಿಯರಿಂಗ್ ವಿಭಾಗದ ಕೆಲಸ, ನಾನು ಟಿಕೆಟ್ ಪರೀಕ್ಷಕ ಎನ್ನುವಂತಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಈ ನಿಯಮವನ್ನು ಇತರರಿಗೆ ಬೋಧಿಸಿದ ನಾವು ನಮ್ಮದೇ ಗೋಡೆಯ ಪಕ್ಕದಲ್ಲಿ ಅದನ್ನು ಪಾಲಿಸಲಿಲ್ಲ. ಇಂದಿನ ಕಾನೂನೂ ಇದನ್ನೇ ಹೇಳುತ್ತದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ ನಾಲ್ಕನೆಯ ಕಲಮಿನಂತೆ, ಹಿಂಸೆ ನಡೆದಿದೆ ಅಥವಾ ನಡೆಯುವಂತಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವನ ಮೇಲೆ ಯಾವ ಹೊಣೆಯೂ ಬರುವುದಿಲ್ಲ. "ಅವರ ಮನೆಯ ವಿಷಯ" ಎಂಬ ವಾದಕ್ಕೆ ಇನ್ನು ಆಸ್ಪದವೆಲ್ಲಿ?

ಮೂರನೆಯ ಪೂರ್ವಪಕ್ಷ ಸ್ವಲ್ಪ ಸೂಕ್ಷ್ಮವಾದುದು. ಮಗು ಅಂತಹ ಮನೆಯಲ್ಲಿ ಹುಟ್ಟಿದ್ದು ಅದರ ಪ್ರಾರಬ್ಧ. ಅನುಭವಿಸಿಯೇ ತೀರಬೇಕು ಎಂದು ಕೆಲವರು ಹೇಳುತ್ತಾರೆ. ಇದರಲ್ಲಿ ಶಾಸ್ತ್ರದ ಶಬ್ದವಿದೆ, ಶಾಸ್ತ್ರದ ಅರ್ಥವಿಲ್ಲ. ಅನ್ಯನ ಕರ್ಮದ ಲೆಕ್ಕವನ್ನು ಬಲ್ಲವನು ಸರ್ವಜ್ಞನಾದ ಭಗವಂತನೊಬ್ಬನೇ. ನಮಗೆ ತಿಳಿದಿರುವುದು ನಮಗೆ ವಿಹಿತವಾದ ಕರ್ತವ್ಯ ಮಾತ್ರ. ಮಗು ಬಾವಿಗೆ ಬೀಳುತ್ತಿರುವಾಗ ಪ್ರಾರಬ್ಧವನ್ನು ಚಿಂತಿಸುತ್ತ ನಿಲ್ಲುವವನನ್ನು ಯಾರೂ ಜ್ಞಾನಿಯೆನ್ನುವುದಿಲ್ಲ. ಪ್ರಹ್ಲಾದನನ್ನು ಶ್ರೀಹರಿಯು ಕಾಯುವನೆಂದು ನಾರದರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಅವರು ದಾರಿಗೆ ಅಡ್ಡ ನಿಂತರು. ಅಲ್ಲದೆ, ಆ ಮಗುವಿನ ನೆರೆಯಲ್ಲಿ ನಾವು ವಾಸವಾಗಿರುವುದು ಸಹ ಯಾದೃಚ್ಛಿಕವಲ್ಲವೆಂದು ಏಕೆ ತಿಳಿಯಬಾರದು?

ನಾಲ್ಕನೆಯದು: ಮಕ್ಕಳ ಸಲುವಾಗಿಯಾದರೂ ತಾಯಿ ಸಹಿಸಿಕೊಂಡಿರಬೇಕು, ಮಗುವಿಗೆ ತಂದೆ ಬೇಡವೇ? ಬೇಕು. ಮಗುವಿಗೆ ಬೇಡವಾದದ್ದು ಹೊಡೆತ, ತಂದೆಯಲ್ಲ. ಪ್ರಹ್ಲಾದನು ನೃಸಿಂಹನಲ್ಲಿ ಬೇಡಿಕೊಂಡದ್ದು ತಂದೆಯು ಪರಿಶುದ್ಧನಾಗಲೆಂದೇ. ಹಿಂಸೆಯ ಮನೆಯ ಮಗು ತಂದೆಯನ್ನು ಪ್ರೀತಿಸುತ್ತಲೂ ಇರುತ್ತದೆ, ಅಂಜುತ್ತಲೂ ಇರುತ್ತದೆ. ಈ ಎರಡನ್ನೂ ಒಟ್ಟಿಗೆ ಹೊರುವುದೇ ಅದರ ಸಂಕಟ. ಆದ್ದರಿಂದ "ನಿಮ್ಮಪ್ಪ ರಾಕ್ಷಸ" ಎಂದು ಮಗುವಿನ ಎದುರಿಗೆ ನುಡಿಯುವುದು ಉಪಕಾರವಲ್ಲ. ಅಂತೆಯೇ, ನಿತ್ಯವೂ ಏಟು ತಿನ್ನುತ್ತ ತಾಯಿ ಮನೆಯಲ್ಲಿ ಉಳಿದರೆ ಅದು ಮಗುವಿನ ಹಿತ ಎಂಬುದೂ ಸತ್ಯವಲ್ಲ. ತಾಯಿಯ ಕ್ಷೇಮವೇ ಮಗುವಿನ ಕ್ಷೇಮದ ಮೊದಲ ಮೆಟ್ಟಿಲು. ಮೇಲೆ ಹೇಳಿದ ಕಾಯಿದೆಯಲ್ಲಿ ನ್ಯಾಯಾಧೀಶರು ಹಿಂಸೆಯನ್ನು ತಡೆಯುವ ಆಜ್ಞೆ ಕೊಡಬಹುದು. ಆಕೆಗೆ ಅದೇ ಮನೆಯಲ್ಲಿ ವಾಸಿಸುವ ಹಕ್ಕಿದೆ. ಮಗುವನ್ನು ತಾತ್ಕಾಲಿಕವಾಗಿ ಆಕೆಯ ವಶಕ್ಕೆ ಕೊಡಲು ಆಸ್ಪದವಿದೆ. ಮನೆಯನ್ನು ಒಡೆಯುವುದೊಂದೇ ದಾರಿಯೆಂದು ಭಾವಿಸಬೇಕಾಗಿಲ್ಲ.

ಇನ್ನು, ಮಾಡಬೇಕಾದುದೇನು ಎಂಬುದನ್ನು ನಾರದರ ಕ್ರಮದಲ್ಲಿಯೇ ಹೇಳುತ್ತೇವೆ.

ಮೊದಲನೆಯದು ಅಭಯ. ಹೊಡೆತ ನಡೆಯುತ್ತಿರುವುದು ಕೇಳಿದರೆ 112ಕ್ಕೆ ಫೋನ್ ಮಾಡಬೇಕು. ಮಹಿಳೆಯರಿಗೆ 181, ಮಕ್ಕಳಿಗೆ 1098 ಇವೆ. 1996ರಲ್ಲಿ ಮುಂಬಯಿಯಲ್ಲಿ ಆರಂಭವಾದ 1098 ಇಂದು ಸರಕಾರದ ವ್ಯವಸ್ಥೆಯಲ್ಲಿ ದೇಶದಾದ್ಯಂತ ನಡೆಯುತ್ತಿದೆ. ಮುಂಬಯಿಯವರು 1984ರಲ್ಲಿ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯು ಪೊಲೀಸ್ ಇಲಾಖೆಯಲ್ಲಿಯೇ ಆರಂಭಿಸಿದ ಮಹಿಳಾ ಮತ್ತು ಮಕ್ಕಳ ವಿಶೇಷ ಘಟಕವನ್ನು ನೆನಪಿಡಬಹುದು. ಆದರೆ ಒಂದು ಎಚ್ಚರ ಅಗತ್ಯ. ಮಗು ಹೇಳಿದ ಮಾತನ್ನು ಹಿಡಿದು ತಂದೆಯ ಬಳಿಗೆ ಹೋಗಿ, "ನಿಮ್ಮ ಮಗ ಹೀಗೆ ಹೇಳಿದ" ಎನ್ನಬಾರದು. ನಾವು ನಮ್ಮ ಮನೆಗೆ ಹಿಂದಿರುಗುತ್ತೇವೆ. ಆ ರಾತ್ರಿಯನ್ನು ಕಳೆಯಬೇಕಾದುದು ಮಗು. ಮೊದಲು ತಾಯಿಯೊಡನೆ ಏಕಾಂತದಲ್ಲಿ ಮಾತನಾಡಬೇಕು. ಆಕೆಯ ಇಚ್ಛೆಯನ್ನು ಕೇಳಬೇಕು. ಮಗುವಿಗೂ ಕಲಿಸಬೇಕು: ಜಗಳದ ನಡುವೆ ನುಗ್ಗಬೇಡ, ತಾಯಿಯನ್ನು ಬಿಡಿಸುವುದು ನಿನ್ನ ಕೆಲಸವಲ್ಲ, ಓಡಿ ನಮ್ಮ ಮನೆಗೆ ಬಾ, ರಾತ್ರಿ ಎಷ್ಟು ಹೊತ್ತಾದರೂ ಬಾಗಿಲು ತಟ್ಟು.

ಎರಡನೆಯದು ಆಶ್ರಯ. ಆಶ್ರಯವೆಂದರೆ ಅನಾಥಾಲಯವೆಂದೇ ಅರ್ಥವಲ್ಲ. ಯಾರೂ ಕೂಗದ ಒಂದು ಮನೆ, ಒಂದು ನಿಯತ ವೇಳೆ, ಒಂದು ತಟ್ಟೆ ಅನ್ನ, ತನ್ನನ್ನು ನಂಬುವ ಒಬ್ಬ ಹಿರಿಯ ವ್ಯಕ್ತಿ, ಇಷ್ಟರಿಂದ ಮಗುವಿಗೆ ಬಹಳ ಆಧಾರ ಸಿಗುತ್ತದೆ. ಪರಿಣತರು ಒತ್ತಿ ಹೇಳುವುದೂ ಇದನ್ನೇ: ಸ್ಥಿರವಾದ ಒಬ್ಬ ಹಿರಿಯರ ಸಂಬಂಧ ಮಗುವನ್ನು ಎತ್ತಿ ನಿಲ್ಲಿಸಬಲ್ಲದು. ಮಗು ತಾನಾಗಿ ಹೇಳಿದಾಗ ನಡುವೆ ಬಾಯಿ ಹಾಕದೆ ಕೇಳಬೇಕು. ಪೊಲೀಸರಂತೆ ಪಾಟೀ ಸವಾಲು ಮಾಡಬಾರದು. "ಯಾರಿಗೂ ಹೇಳುವುದಿಲ್ಲ" ಎಂಬ ಭಾಷೆ ಕೊಡಬಾರದು, ಅದನ್ನು ನಡೆಸಲಾಗದು. "ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ" ಎಂಬ ಒಂದು ವಾಕ್ಯವನ್ನು ಮಾತ್ರ ಎಷ್ಟು ಸಲ ಹೇಳಿದರೂ ಹೆಚ್ಚಲ್ಲ.

ಇಲ್ಲಿ ಪರಊರಿನ ಕನ್ನಡಿಗರಾದ ನಮಗೆ ಮಾತ್ರ ಸಾಧ್ಯವಾಗುವ ಒಂದು ಸಹಾಯವಿದೆ. ವಿಜಾಪುರ, ರಾಯಚೂರುಗಳ ಕಡೆಯಿಂದ ಮದುವೆಯಾಗಿ ಬಂದ ಹೆಣ್ಣುಮಗಳಿಗೆ ಈ ಊರಿನ ಭಾಷೆ ಬಾರದು. ತವರು ಒಂದು ರಾತ್ರಿಯ ಪ್ರಯಾಣದಷ್ಟು ದೂರ. ಇಲ್ಲಿನ ಶಾಲೆಯಲ್ಲಿ ಕಲಿತ ಮಗುವಿಗೆ ಮಾತ್ರ ಮರಾಠಿಯೋ ತಮಿಳೋ ಹಿಂದಿಯೋ ಬರುತ್ತದೆ. ಹೀಗಾಗಿ ಆಸ್ಪತ್ರೆಯಲ್ಲಿ, ಠಾಣೆಯಲ್ಲಿ ತಾಯಿಯ ಗಾಯವನ್ನು ಭಾಷಾಂತರಿಸಿ ಹೇಳುವ ಭಾರ ಎಂಟು ವರ್ಷದ ಮಗುವಿನ ಮೇಲೆ ಬೀಳುತ್ತದೆ. ತಂದೆ ಏನು ಮಾಡಿದನೆಂಬುದನ್ನು ಅದೇ ತನ್ನ ಬಾಯಿಂದ ಅಪರಿಚಿತರಿಗೆ ಹೇಳಬೇಕು. ಇದಕ್ಕಿಂತ ಕಠೋರವಾದುದು ಇನ್ನೇನಿದೆ? ನಮ್ಮಲ್ಲಿ ನಿವೃತ್ತರು ಅನೇಕರಿದ್ದೇವೆ, ಗೃಹಿಣಿಯರು ಇದ್ದಾರೆ, ಎರಡು ಮೂರು ಭಾಷೆ ಬಲ್ಲವರಿದ್ದಾರೆ. ಆ ತಾಯಿಯ ಜೊತೆಗೆ ಹೋಗಿ ದುಭಾಷಿಗಳಾಗಿ ನಿಲ್ಲೋಣ. ಮಗುವನ್ನು ಹೊರಗೆ ಬೇರೊಬ್ಬರ ಬಳಿ ಕೂರಿಸೋಣ. ಇದಕ್ಕೆ ಹಣ ಬೇಡ, ವಿದ್ವತ್ತು ಬೇಡ. ಅರ್ಧ ದಿನ ಬೇಕು, ಸ್ವಲ್ಪ ಧೈರ್ಯ ಬೇಕು.

ಮೂರನೆಯದೇ ಉಪದೇಶ. ಹೊಡೆಯುವವನಿಗೂ ಉಪದೇಶ ಬೇಕು; ಆತನ ಮಾತು ಕೇಳುವಂತಹ ಹಿರಿಯರು, ತಾಯಿ ಮಕ್ಕಳ ಸುರಕ್ಷೆ ಖಚಿತವಾದ ಮೇಲೆ, ಸ್ಪಷ್ಟವಾಗಿ ಹೇಳಬೇಕು. ಇದನ್ನು ಕಲಹವೆಂದು ಕರೆಯುವುದನ್ನು ಮೊದಲು ಬಿಡಬೇಕು. ಕಲಹಕ್ಕೆ ಇಬ್ಬರು ಬೇಕು. ಹಿಂಸೆಗೆ ಒಬ್ಬನೇ ಸಾಕು. ಮಡಿ, ಆಹ್ನಿಕ, ಉಪವಾಸಗಳು ಕೈಯ ಹೊಡೆತವನ್ನು ತೊಳೆಯಲಾರವು ಎಂಬುದನ್ನು ನಮ್ಮ ನಮ್ಮಲ್ಲಿಯೇ ಹೇಳಿಕೊಳ್ಳದಿದ್ದರೆ ಬೇರೆ ಯಾರು ಹೇಳಿಯಾರು? ಮಗುವಿನ ಮನಸ್ಸಿಗೆ ಆದ ಗಾಯಕ್ಕಾದರೆ ಬಲ್ಲವರ ಚಿಕಿತ್ಸೆ ಬೇಕಾದೀತು. ಬೆಂಗಳೂರಿನ ನಿಮ್ಹಾನ್ಸಿನಲ್ಲಿ ಮಕ್ಕಳಿಗಾಗಿಯೇ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ದೇಶದ ಎಲ್ಲಿಂದಲಾದರೂ ಮಾತನಾಡಬಹುದು. ಜ್ವರಕ್ಕೆ ವೈದ್ಯನ ಬಳಿಗೆ ಹೋಗುವಷ್ಟೇ ಸಹಜವಾಗಿ ಇದಕ್ಕೂ ಹೋಗಬೇಕು. ಮನೆ ಬಿಟ್ಟು ಬಂದ ಮಗು ನಿಲ್ದಾಣದಲ್ಲಿ ಕಂಡರೆ ನಾವೇ ಟಿಕೆಟ್ ಕೊಂಡು ಊರಿಗೆ ಕಳುಹಿಸಬಾರದು. ಅದು ಯಾವುದರಿಂದ ಓಡಿಬಂದಿತೋ ಅದಕ್ಕೇ ಒಪ್ಪಿಸಿದಂತಾದೀತು. ರೈಲ್ವೆ ರಕ್ಷಣಾ ದಳಕ್ಕೋ 1098ಕ್ಕೋ ತಿಳಿಸಬೇಕು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕೆಂದು 2015ರ ಬಾಲನ್ಯಾಯ ಕಾಯಿದೆಯ ವಿಧಿಯಿದೆ.

ಇಷ್ಟು ಬರೆದ ಮೇಲೆ ಒಂದು ಶಂಕೆ ಉಳಿಯುತ್ತದೆ. ಆ ಹುಡುಗನಿಗೆ ನಮ್ಮ ಮನೆಯ ಒಂದು ತಾಸು ಆಧಾರವಾಗಿತ್ತಲ್ಲವೇ? ತಿಳಿಯದೆಯೇ ನಾವು ಆಶ್ರಯ ಕೊಟ್ಟಂತಾಗಲಿಲ್ಲವೇ? ಹೀಗೆಂದು ನಮ್ಮ ಧರ್ಮಪತ್ನಿಯೂ ಸಮಾಧಾನ ಹೇಳಿದಳು. ಆದರೆ ಆ ಸಮಾಧಾನವನ್ನು ಸ್ವೀಕರಿಸಲು ನಮಗೆ ಅಧಿಕಾರವಿಲ್ಲ. ಆ ತಾಸನ್ನು ನಮ್ಮಲ್ಲಿ ಹುಡುಕಿಕೊಂಡವನು ಆ ಹುಡುಗ. ಅದು ಮುಗಿಯುತ್ತಲೇ ಎಬ್ಬಿಸಿ ಕಳುಹಿಸಿದವರು ನಾವು. ಅವನ ತಾಯಿಗಂತೂ ಆ ಒಂದು ತಾಸೂ ಇರಲಿಲ್ಲ.

ಮದುವೆಯಿಂದ ಹಿಂದಿರುಗಿ ಒಂದು ತಿಂಗಳ ಮೇಲೆ ಆತನಿಗೆ ಒಂದು ಕಾಗದ ಬರೆದೆವು. "ಗೊತ್ತಿತ್ತು. ಮಾತನಾಡಬೇಕಾಗಿತ್ತು. ಮಾತನಾಡಲಿಲ್ಲ." ಇಷ್ಟೇ ಬರೆದದ್ದು. ಉತ್ತರ ಬಂದಿಲ್ಲ, ಬರಲೇಬೇಕೆಂದೂ ಇಲ್ಲ. ಈ ಪುಟವನ್ನು ಓದುತ್ತಿರುವ ಸಜ್ಜನರಲ್ಲಿ ಯಾರಿಗಾದರೂ ಇಂದು ರಾತ್ರಿ ಗೋಡೆಯ ಆಚೆಯಿಂದ ಸದ್ದು ಕೇಳಬಹುದು. ಆ ಮನೆಯ ಮಗು ದೊಡ್ಡದಾಗಿ ಬಂದು "ನಿಮಗೆ ಗೊತ್ತಿತ್ತಲ್ಲವೇ" ಎಂದು ಕೇಳುವ ದಿನಕ್ಕಾಗಿ ಅವರು ಕಾಯದಿರಲಿ ಎಂಬುದೇ ನಮ್ಮ ಪ್ರಾರ್ಥನೆ.

॥ ಶ್ರೀಕೃಷ್ಣಾರ್ಪಣಮಸ್ತು ॥